ಕವರ್ ಮೊದಲು ಬರುತ್ತದೆ, ಬೆಲೆ ಕೊನೆಗೆ

ಆಗಸ್ಟ್ ಬಂತೆಂದರೆ ನಮ್ಮ ಮೊಬೈಲ್ ಅಂಗಡಿಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. "ಹೊಸ ಐಫೋನ್ ಬರುತ್ತಂತಲ್ಲ ಸಾರ್, ಈಗಲೇ ತಗೊಳ್ಳಲಾ, ಕಾಯಲಾ?" ಜನವರಿ ಹತ್ತಿರ ಬಂದಾಗ ಇದೇ ಪ್ರಶ್ನೆ ಸ್ಯಾಮ್‌ಸಂಗ್‌ನ ಎಸ್ ಸರಣಿಯ ಬಗ್ಗೆ. ಕೇಳುವವರು ಅದಾಗಲೇ ನಾಲ್ಕಾರು ವಿಡಿಯೋ ನೋಡಿಕೊಂಡು ಬಂದಿರುತ್ತಾರೆ. ಫೋನಿನ ಬಣ್ಣ, ಕ್ಯಾಮೆರಾ, ಬ್ಯಾಟರಿ, ಬೆಲೆ, ಮಾರಾಟದ ದಿನ ಎಲ್ಲವನ್ನೂ ಆ ವಿಡಿಯೋಗಳಲ್ಲಿ ಒಂದೇ ಧೈರ್ಯದಿಂದ ಹೇಳಿರುತ್ತಾರೆ. ತೊಂದರೆ ಇರುವುದೇ ಅಲ್ಲಿ. ಈ ಸುದ್ದಿಗಳೆಲ್ಲ ಹುಟ್ಟುವ ಜಾಗ ಬೇರೆ ಬೇರೆ. ಕೆಲವು ಕಾರ್ಖಾನೆಯಿಂದ ಬಂದವು, ಕೆಲವು ಸರ್ಕಾರಿ ದಾಖಲೆಯಿಂದ, ಇನ್ನು ಕೆಲವು ಸುಮ್ನೆ ಊಹೆ. ಎಲ್ಲಿಂದ ಬಂತು ಅಂತ ಗೊತ್ತಾದರೆ ಎಷ್ಟು ನಂಬಬಹುದು ಅನ್ನುವುದೂ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮೊದಲು ಹೊರಬೀಳುವುದು ಫೋನಿನ ಆಕಾರ. ಇದಕ್ಕೆ ಕಾರಣ ನಮ್ಮಂಥ ಅಂಗಡಿಯವರ ವ್ಯಾಪಾರವೇ. ಫೋನ್ ತಗೊಂಡವರು ಕವರ್, ಟೆಂಪರ್ಡ್ ಗ್ಲಾಸ್ ಹಾಕಿಸಿಕೊಳ್ಳದೆ ಅಂಗಡಿಯಿಂದ ಇಳಿಯುವುದೇ ಅಪರೂಪ. ಒಂದು ಫೋನಿನಲ್ಲಿ ನಮಗೆ ಉಳಿಯುವುದು ಕಡಿಮೆ, ಕವರಿನಲ್ಲಿ ಅದಕ್ಕೆ ಹೋಲಿಸಿದರೆ ಲಾಭದ ಪಾಲು ಜಾಸ್ತಿ. ಹಾಗಾಗಿ ಮಾರಾಟದ ಮೊದಲ ದಿನವೇ ಕವರ್ ಕೈಯಲ್ಲಿರಬೇಕು. ಅದಕ್ಕಾಗಿ ಚೀನಾದ ಕವರ್ ತಯಾರಕರು ಫೋನಿನ ಅಳತೆಯನ್ನು ತಿಂಗಳುಗಟ್ಟಲೆ ಮುಂಚೆ ಹುಡುಕುತ್ತಾರೆ. ಆ ಅಳತೆಗೆ ಡಮ್ಮಿ ಮಾಡಿಸುತ್ತಾರೆ. ಡಮ್ಮಿ ಅಂದರೆ ಒಳಗೆ ಏನೂ ಇಲ್ಲದ, ನೋಡಲು ಮಾತ್ರ ಫೋನಿನ ಹಾಗೆ ಇರುವ ತುಂಡು. ಬಿಡುಗಡೆಗೆ ಮುಂಚೆ ನೀವು ನೋಡುವ "ಮೊದಲ ಫೋಟೋ"ಗಳಲ್ಲಿ ಬಹಳಷ್ಟು ಇಂಥ ಡಮ್ಮಿಯದ್ದೇ.

2024ರ ಐಫೋನ್ 16ರ ಕವರನ್ನೇ ನೋಡಿ. ಹಿಂದಿನ 15ರ ಕವರಿನಲ್ಲಿ ಕ್ಯಾಮೆರಾಕ್ಕೆ ಚೌಕಾಕಾರದ ದೊಡ್ಡ ಕಿಂಡಿ ಇತ್ತು, ಯಾಕೆಂದರೆ ಎರಡು ಲೆನ್ಸ್‌ಗಳು ಓರೆಯಾಗಿ ಕೂತಿದ್ದವು. 16ರ ಕವರಿನಲ್ಲಿ ಆ ಕಿಂಡಿ ಮಾತ್ರೆಯ ಹಾಗೆ ಉದ್ದಕ್ಕೆ ಆಯಿತು. ಲೆನ್ಸ್‌ಗಳು ಒಂದರ ಕೆಳಗೊಂದು ಬಂದಿವೆ ಎನ್ನುವುದು ಫೋನ್ ನೋಡದೆಯೇ ತಿಳಿಯಿತು. ಬಲಗಡೆ ಪವರ್ ಬಟನ್ನಿನ ಕೆಳಗೆ, ಅದುವರೆಗೆ ಇಲ್ಲದ ಒಂದು ಉದ್ದನೆ ಸೀಳು ಕೂಡ ಇತ್ತು. ಅಲ್ಲಿ ಏನೋ ಹೊಸ ಬಟನ್ ಬರುತ್ತದೆ ಅಂತ ಕವರ್ ಹೇಳಿತು. ಆದರೆ ಅದರ ಮೇಲೆ ಬೆರಳು ಜಾರಿಸಿ ಜೂಮ್ ಮಾಡಬಹುದು, ಮೆಲ್ಲಗೆ ಒತ್ತಿದರೆ ಒಂದು ಕೆಲಸ, ಜೋರಾಗಿ ಒತ್ತಿದರೆ ಇನ್ನೊಂದು ಕೆಲಸ ಅನ್ನುವುದನ್ನು ಆ ಸೀಳು ಹೇಳಲಾರದು. ಅಂಗಿ ನೋಡಿ ಆಳಿನ ಅಳತೆ ಹೇಳಬಹುದು, ಗುಣ ಹೇಳಲು ಆಗಲ್ಲ, ಅಲ್ವಾ? ಆಕಾರದ ಸುದ್ದಿಯ ಬಲವೂ ಮಿತಿಯೂ ಇಷ್ಟೇ.

ಕವರೂ ತಪ್ಪಿದ್ದುಂಟು. 2011ರಲ್ಲಿ ಐಫೋನ್ 5 ಬರುತ್ತದೆ, ಒಂದು ಕಡೆ ದಪ್ಪ ಒಂದು ಕಡೆ ತೆಳು ಇರುತ್ತದೆ ಅಂತ ಜಗತ್ತೆಲ್ಲ ಸುದ್ದಿ. ಕೆಲವು ಕಂಪನಿಗಳು ಆ ಅಳತೆಗೆ ಕವರ್ ತಯಾರಿಸಿಯೂ ಬಿಟ್ಟವು. ಅಕ್ಟೋಬರ್ 4ರಂದು ಆಪಲ್ ಬಿಡುಗಡೆ ಮಾಡಿದ್ದು ಐಫೋನ್ 4ಎಸ್. ಆಕಾರ ಹಳೆಯ 4ರದ್ದೇ. ಆ ಕವರ್‌ಗಳೆಲ್ಲ ಮೂಲೆಗೆ ಬಿದ್ದವು.

ಎರಡನೆಯ ಮೂಲ ಸರ್ಕಾರಿ ದಾಖಲೆ. ಇದನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ. ಭಾರತದಲ್ಲಿ ಫೋನ್ ಮಾರಬೇಕಾದರೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಅಮೆರಿಕದಲ್ಲಿ ಎಫ್‌ಸಿಸಿ, ಚೀನಾದಲ್ಲಿ ಟೀನಾ ಮತ್ತು 3ಸಿ ಅನ್ನುವ ಇಂಥದೇ ಅನುಮತಿಗಳಿವೆ. ಬಿಐಎಸ್ ಪಟ್ಟಿಯಲ್ಲಿ ಒಂದು ಮಾಡೆಲ್ ನಂಬರ್ ಕಾಣಿಸಿತು ಅಂದರೆ ಆ ಫೋನ್ ನಮ್ಮ ದೇಶಕ್ಕೆ ಬರುವ ತಯಾರಿ ನಡೆದಿದೆ ಅಂತಲೇ ಅರ್ಥ. ಚೀನಾದ 3ಸಿ ದಾಖಲೆಯಲ್ಲಿ ಚಾರ್ಜರ್ ಎಷ್ಟು ವ್ಯಾಟ್ ಅನ್ನುವುದೂ ಸಿಗುತ್ತದೆ. ಆದರೆ ಬಿಐಎಸ್ ಪಟ್ಟಿಯಲ್ಲಿ ಬೆಲೆ ಇರುವುದಿಲ್ಲ, ಬಿಡುಗಡೆಯ ದಿನವೂ ಇರುವುದಿಲ್ಲ. "ಬಿಐಎಸ್‌ನಲ್ಲಿ ಬಂದಿದೆ, 24,999ಕ್ಕೆ ಸಿಗುತ್ತದೆ" ಅಂತ ಯಾರಾದರೂ ಹೇಳಿದರೆ ಮೊದಲರ್ಧ ದಾಖಲೆ, ಎರಡನೆಯರ್ಧ ಅವರು ಸೇರಿಸಿದ್ದು.

ಕಂಪನಿಯ ಸಾಫ್ಟ್‌ವೇರೇ ಗುಟ್ಟು ಬಿಟ್ಟುಕೊಡುವುದೂ ಇದೆ. 2017ರಲ್ಲಿ ಆಪಲ್ ತನ್ನ ಹೋಮ್‌ಪಾಡ್ ಸ್ಪೀಕರಿನ ಸಾಫ್ಟ್‌ವೇರನ್ನು ಮುಂಚಿತವಾಗಿ ಹೊರಗೆ ಬಿಟ್ಟಿತು. ಅದರೊಳಗೆ ಐಫೋನ್ ಎಕ್ಸ್‌ನ ಗೆರೆಚಿತ್ರ ಇತ್ತು, ಮೇಲ್ಗಡೆಯ ಕಪ್ಪು ಪಟ್ಟಿಯ ಸಮೇತ. ಸೆಪ್ಟೆಂಬರ್ 12ರಂದು ಆಪಲ್ ತೋರಿಸಿದ ಫೋನ್ ಹಾಗೆಯೇ ಇತ್ತು. ಇಂಥದ್ದು ಅಪರೂಪ. ಸಿಕ್ಕರೆ ಕಣ್ಣುಮುಚ್ಚಿ ನಂಬಬಹುದು.

ಇನ್ನೊಂದು ಬಗೆಯ ಸುದ್ದಿಯನ್ನು ಜನ ಸರಿಯಾಗಿ ಅರ್ಥ ಮಾಡಿಕೊಳ್ಳುವುದಿಲ್ಲ. ಹೇಳಿದ ದಿನ ನಿಜವಾಗಿದ್ದು ಆಮೇಲೆ ಸುಳ್ಳಾಗುವ ಸುದ್ದಿ ಅದು. ಐಫೋನ್ 15 ಪ್ರೋದಲ್ಲಿ ಒತ್ತಿದರೂ ಒಳಗೆ ಹೋಗದ, ಅಲುಗಾಡದ ಬಟನ್ ಬರುತ್ತದೆ ಅಂತ ಮಿಂಗ್-ಚಿ ಕುವೊ ಹೇಳಿದ್ದರು. ಬಿಡಿಭಾಗ ಪೂರೈಸುವ ಕಂಪನಿಗಳ ಒಳಸುದ್ದಿ ತಿಳಿದವರು ಅವರು. 2023ರ ಏಪ್ರಿಲ್‌ನಲ್ಲಿ ಅವರೇ, ತಾಂತ್ರಿಕ ತೊಂದರೆಯಿಂದ ಅದನ್ನು ಕೈಬಿಡಲಾಗಿದೆ ಎಂದರು. ಫೋನ್ ಬಂದಾಗ ಇದ್ದದ್ದು ಮಾಮೂಲಿ ಒತ್ತುವ ಬಟನ್ನೇ. 2021ರಲ್ಲಿ ಐಫೋನ್ 13ಕ್ಕೆ ಉಪಗ್ರಹ ಸಂಪರ್ಕ ಬರುತ್ತದೆ ಅಂತಲೂ ಕುವೊ ಹೇಳಿದ್ದರು. ಅದು ಬಂದದ್ದು ಮುಂದಿನ ವರ್ಷ, ಐಫೋನ್ 14ರಲ್ಲಿ, ಮುಖ್ಯವಾಗಿ ತುರ್ತು ಸಂದೇಶಕ್ಕೆ. ಆರಂಭವಾದದ್ದು ಅಮೆರಿಕ, ಕೆನಡಾಗಳಲ್ಲಿ, ಭಾರತದಲ್ಲಿ ಅಲ್ಲ. ಫೋನಿನೊಳಗೆ ಸೌಲಭ್ಯ ಇರುವುದು ಬೇರೆ, ನಮ್ಮೂರಿನಲ್ಲಿ ಅದು ಕೆಲಸ ಮಾಡುವುದು ಬೇರೆ. ವಿದೇಶಿ ವಿಡಿಯೋ ನೋಡಿ ಬಂದವರಿಗೆ ನಾನು ಇದನ್ನು ಬಿಡಿಸಿ ಹೇಳುತ್ತೇನೆ.

ಇನ್ನು ಬೆಲೆ. ನನಗೆ ತುಂಬಾ ಬೇಜಾರು ತರಿಸುವ ಸುದ್ದಿ ಇದೇ. ಬೆಲೆಗೆ ಅಚ್ಚು ಬೇಡ, ಪರವಾನಗಿ ಬೇಡ. ಕೊನೆಯ ವಾರದಲ್ಲೂ ಬದಲಾಯಿಸಬಹುದು. ಡಾಲರ್ ದರ, ಕಸ್ಟಮ್ಸ್ ಸುಂಕ, ಎದುರಾಳಿ ಕಂಪನಿ ಏನು ಮಾಡಿತು ಅನ್ನುವುದೆಲ್ಲ ನೋಡಿ ಕಂಪನಿ ನಿರ್ಧರಿಸುತ್ತದೆ. ನಮ್ಮಂಥ ಡೀಲರ್‌ಗಳಿಗೂ ಬೆಲೆಪಟ್ಟಿ ಸಿಗುವುದು ಬಿಡುಗಡೆಯ ಹೊತ್ತಿಗೇ.

2021ನ್ನು ನೆನಪಿಸಿಕೊಳ್ಳಿ. ಶಾಲೆಗಳು ಮುಚ್ಚಿದ್ದವು, ಪಾಠವೆಲ್ಲ ಫೋನಿನಲ್ಲಿ. ಜೂನ್‌ನಲ್ಲಿ ರಿಲಯನ್ಸ್, ಗೂಗಲ್ ಜೊತೆ ಸೇರಿ ಜಿಯೋಫೋನ್ ನೆಕ್ಸ್ಟ್ ಮಾಡುತ್ತೇವೆ, ಸೆಪ್ಟೆಂಬರ್ 10ರ ಗಣೇಶ ಚತುರ್ಥಿಗೆ ಬರುತ್ತದೆ ಎಂದಿತು. ಬೆಲೆ ಹೇಳಿರಲಿಲ್ಲ. ಆದರೆ ಆಗಸ್ಟ್ ಹೊತ್ತಿಗೆ 3,499 ರೂಪಾಯಿ ಅನ್ನುವ ಸುದ್ದಿ ಎಲ್ಲ ಕಡೆ ಹರಡಿತ್ತು. ಕೂಲಿ ಮಾಡುವ ತಂದೆತಾಯಿ, ಮನೆಗೆಲಸಕ್ಕೆ ಹೋಗುವ ಅಮ್ಮಂದಿರು ಬಂದು ಕೇಳುತ್ತಿದ್ದರು. ಅವರ ಬಳಿ ಅಷ್ಟೇ ದುಡ್ಡು ಇತ್ತು, ಅಥವಾ ಅಷ್ಟು ಕೂಡಿಡುತ್ತಿದ್ದರು. ಹಬ್ಬಕ್ಕೆ ಫೋನ್ ಬರಲಿಲ್ಲ. ಚಿಪ್ ಕೊರತೆಯ ಕಾರಣ ಹೇಳಿ ದೀಪಾವಳಿಗೆ ಮುಂದೂಡಿದರು. ನವೆಂಬರ್ 4ರಂದು ಬಂದಾಗ ಬೆಲೆ 6,499. ಕಂತಿನಲ್ಲಿ ಬೇಕಾದರೆ ಮೊದಲು 1,999 ಕಟ್ಟಬೇಕು, ಮೇಲೆ 501 ರೂಪಾಯಿ ಶುಲ್ಕ. ಆ ತಿಂಗಳುಗಳಲ್ಲಿ ಆ ಮಕ್ಕಳು ಪಕ್ಕದ ಮನೆಯ ಫೋನಿಗೆ ಕಾದರು, ಪಾಠ ತಪ್ಪಿಸಿಕೊಂಡರು. 3,499 ಅಂತ ಬರೆದವರಿಗೆ ಅದು ಒಂದು ದಿನದ ಸುದ್ದಿ. ಅದನ್ನು ನಂಬಿ ಕಾದವರಿಗೆ ತಿಂಗಳುಗಟ್ಟಲೆ ಪಾಠ ಹೋಯಿತು.

2025ರ ಸೆಪ್ಟೆಂಬರ್‌ನಲ್ಲೂ ಹೀಗೇ. 22ರಿಂದ ಜಿಎಸ್‌ಟಿ ಇಳಿಯುತ್ತದೆ ಅಂತ ಸುದ್ದಿ ಬಂದ ಕೂಡಲೇ, ಫೋನ್ ಕೂಡ ಅಗ್ಗ ಆಗುತ್ತದೆ ಅಂತ ಜನ ಕಾಯಲು ಶುರು ಮಾಡಿದರು. ಎಸಿ ಮತ್ತು ದೊಡ್ಡ ಟಿವಿಗೆ 28ರಿಂದ 18 ಶೇಕಡಕ್ಕೆ ಇಳಿಯಿತು. ಫೋನಿಗೆ 2020ರ ಏಪ್ರಿಲ್‌ನಿಂದಲೇ ಶೇಕಡ 18 ಇತ್ತು, ಹಾಗೇ ಉಳಿಯಿತು.

ಹಾಗಾದರೆ ಕಾಯಲೇಬಾರದಾ? ಕಾಯಬಹುದು, ಆದರೆ ಗಾಳಿಸುದ್ದಿ ನಂಬಿ ಅಲ್ಲ, ಕ್ಯಾಲೆಂಡರ್ ನೋಡಿ. 2012ರಿಂದ ಆಪಲ್ ಪ್ರತಿ ಸೆಪ್ಟೆಂಬರ್‌ನಲ್ಲಿ ಮುಖ್ಯ ಐಫೋನ್ ಬಿಡುಗಡೆ ಮಾಡುತ್ತಿದೆ, ಕೋವಿಡ್‌ನ 2020 ಒಂದು ಬಿಟ್ಟು. ಐಫೋನ್ 13, 14, 15, 16 ನಾಲ್ಕೂ ಭಾರತದಲ್ಲಿ 79,900ಕ್ಕೆ ಶುರುವಾದವು. ಮುಂದಿನ ಮಾಡೆಲ್ ಬಂದಾಗ ನಾಲ್ಕೂ 69,900ಕ್ಕೆ ಇಳಿದವು. ಆ ಎಲ್ಲ ವರ್ಷಗಳಲ್ಲೂ "ಈ ಸಲ ಬೆಲೆ ಏರುತ್ತದೆ" ಅನ್ನುವ ಸುದ್ದಿ ಮಾತ್ರ ಬರುತ್ತಲೇ ಇತ್ತು. 2025ರಲ್ಲಿ ಐಫೋನ್ 17ರ ಬೆಲೆ 82,900ರಿಂದ ಶುರುವಾಯಿತು. ಆದರೆ ಅದರಲ್ಲಿ ಸಿಗುವುದು 256 ಜಿಬಿ, ಹಿಂದಿನವುಗಳಲ್ಲಿ 128. ಹಾಗಾಗಿ ಆಗಸ್ಟ್‌ನಲ್ಲಿ ಐಫೋನ್ ಕೇಳಿಕೊಂಡು ಬಂದವರಿಗೆ ನಾನೇ ಹೇಳುತ್ತೇನೆ, ಒಂದು ತಿಂಗಳು ತಡೆಯಿರಿ ಅಂತ. ಹೊಸದು ಬೇಡದಿದ್ದರೂ ಹಳೆಯದು ಕಡಿಮೆಗೆ ಸಿಗುತ್ತದೆ. ಡಿಸ್ಪ್ಲೇ ಹೋಗಿ ಕೆಲಸ ನಿಂತವರಿಗೆ ಈ ಮಾತು ಹೇಳುವುದಿಲ್ಲ. ಅವರಿಗೆ ಇವತ್ತೇ ಫೋನ್ ಬೇಕು.

ಹಳೆ ಫೋನ್ ಎಕ್ಸ್‌ಚೇಂಜ್‌ಗೆ ಕೊಡುವವರ ಲೆಕ್ಕವೇ ಬೇರೆ. ಹೊಸ ಮಾಡೆಲ್ ಬಂದ ವಾರ ಎಲ್ಲರೂ ಹಳೆಯದನ್ನು ಹೊತ್ತು ತರುತ್ತಾರೆ, ದರ ಬೀಳುತ್ತದೆ. ಕಂಪನಿಯ ಎಕ್ಸ್‌ಚೇಂಜ್ ಬೋನಸ್ ಇದ್ದರೆ ಆ ನಷ್ಟ ಸ್ವಲ್ಪ ತುಂಬುತ್ತದೆ. ಅದಕ್ಕೇ ಈಗಿನ ದರವನ್ನು ಎರಡು ಅಂಗಡಿಗಳಲ್ಲಿ ಕೇಳಿ, ಬರೆದಿಟ್ಟುಕೊಳ್ಳಿ. ಬಿಡುಗಡೆಯಾದ ಮೇಲೆ ಬೋನಸ್ ಸೇರಿಸಿ ಹೋಲಿಸಿ ನೋಡಿ.

ಮುಂಗಡದ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಕಂಪನಿ ಇನ್ನೂ ಹೆಸರನ್ನೇ ಹೇಳದ ಫೋನಿಗೆ "ಪ್ರೀ-ಬುಕಿಂಗ್ ಶುರುವಾಗಿದೆ, 1,999 ಯುಪಿಐ ಮಾಡಿ" ಅಂತ ವಾಟ್ಸಾಪ್‌ನಲ್ಲಿ ಲಿಂಕ್ ಬಂದರೆ ಅದು ಮೋಸವೇ. ಅಸಲಿ ಬುಕಿಂಗ್ ಸಾಮಾನ್ಯವಾಗಿ ತೆರೆಯುವುದು ಕಂಪನಿ ಫೋನನ್ನು ಬಹಿರಂಗವಾಗಿ ಘೋಷಿಸಿದ ಮೇಲೆ. ಸ್ಯಾಮ್‌ಸಂಗ್‌ನಂಥ ಕಂಪನಿ ಮುಂಚೆಯೇ ಹಣ ಪಡೆದು ಕಾಯ್ದಿರಿಸಿಕೊಂಡರೂ ಅದು ತನ್ನ ಅಧಿಕೃತ ಜಾಲತಾಣ ಅಥವಾ ಅಂಗಡಿಯಲ್ಲಿ. ಅಂಗಡಿಯಲ್ಲಿ ಕಟ್ಟಿದರೂ ಮಾಡೆಲ್, ಬಣ್ಣ, ಜಿಬಿ ಬರೆದ ರಸೀದಿ ತಗೊಳ್ಳಿ. ದುಡ್ಡು ಹಾಕಿಯಾಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡ ಮಾಡಿದಷ್ಟೂ ಆ ಹಣ ಬೇರೆ ಬೇರೆ ಖಾತೆಗಳಿಗೆ ಹೋಗಿಬಿಡುತ್ತದೆ.