ಗೋಡೆಯಾಚೆಯ ತೋಡಿ

ಪುಣೆಯ ಕೋಥ್ರೂಡಿನಲ್ಲಿ ನಮ್ಮ ಮನೆಗೂ ಪಕ್ಕದ ಮರಾಠಿ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಕಳೆದ ವರ್ಷ ನನ್ನ ಮೆಚ್ಚಿನ ಗಾಯಕರೊಬ್ಬರು ಬೆಳಗಾವಿ ಗಡಿಯ ಬಗ್ಗೆ ಆಡಿದ ಮಾತು ಧಾರವಾಡದವನಾದ ನನ್ನನ್ನು ಬಹಳ ನೋಯಿಸಿತು. ಅವರ ಧ್ವನಿಮುದ್ರಿಕೆಗಳನ್ನೆಲ್ಲ ಅಟ್ಟಕ್ಕೆ ಹಾಕಿದೆ. ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಪಕ್ಕದ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಅದೇ ಗಾಯಕರ ತೋಡಿ ರಾಗದ ಧ್ವನಿಮುದ್ರಿಕೆ ಹಾಕಿದರು. ಆ ದನಿ ಕೋಮಲ ಗಾಂಧಾರ ಸ್ವರದ ಮೇಲೆ ನಿಂತಾಗ ನನ್ನ ತೋಳಿನ ರೋಮಗಳು ಎದ್ದು ನಿಂತವು. ಸಿಟ್ಟು ನೆನಪಾದದ್ದು ಆಮೇಲೆ.

ಈ ಹಿಂದುಮುಂದು ನನ್ನನ್ನು ಕಾಡಿತು. ನಾಟ್ಯಶಾಸ್ತ್ರವು ರೋಮಾಂಚವನ್ನು ಎಂಟು ಸಾತ್ವಿಕ ಭಾವಗಳಲ್ಲಿ ಒಂದಾಗಿ ಎಣಿಸುತ್ತದೆ: ಬೆವರು, ನಡುಕ, ಕಣ್ಣೀರುಗಳ ಸಾಲಿನಲ್ಲಿ. ನಾವು ಬೇಕೆಂದು ತರಿಸಿಕೊಳ್ಳುವಂಥದ್ದಲ್ಲ ಅದು. 2011ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ರೋಮಾಂಚದ ಹೊತ್ತಿನಲ್ಲಿ ಮೆದುಳನ್ನು ಪರೀಕ್ಷಿಸಿದರು. ಕೇಳುಗರಿಗೆ ಅವರವರೇ ಆರಿಸಿದ ಸಂಗೀತವನ್ನು ಕೇಳಿಸಿದಾಗ, ರುಚಿಯಾದ ಊಟಕ್ಕೆ ಸ್ಪಂದಿಸುವ ಭಾಗದಲ್ಲಿಯೇ ಡೋಪಮೈನ್ ಎಂಬ ರಾಸಾಯನಿಕ ಹೊಮ್ಮಿತು. ಅದೂ ಎರಡು ಹಂತಗಳಲ್ಲಿ. ಆ ಕ್ಷಣ ಇನ್ನೇನು ಬಂತು ಎಂದು ಕಾಯುವಾಗ ಕಾಡೇಟ್ ಎಂಬ ಭಾಗದಲ್ಲಿ, ಅದು ಬಂದೇಬಿಟ್ಟಾಗ ನ್ಯೂಕ್ಲಿಯಸ್ ಅಕ್ಯುಂಬೆನ್ಸ್‌ನಲ್ಲಿ.

ಆ ಕಾಯುವಿಕೆ ಎಂಥದ್ದೆಂದು ನೋಡಬೇಕಾದರೆ ಡಿಸೆಂಬರಿನಲ್ಲಿ ಪುಣೆಯ ಸವಾಯಿ ಗಂಧರ್ವ ಉತ್ಸವಕ್ಕೆ ಬರಬೇಕು. ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗಾಗಿ ಗದುಗಿನ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಉತ್ಸವವದು. ಒಂದೇ ನುಡಿತವನ್ನು ಮೂರು ಸಲ ನುಡಿಸುವ ತಬಲಾದ ತಿಹಾಯಿ ಮೂರನೆಯ ಸುತ್ತಿಗೆ ಹೊರಳುವಷ್ಟರಲ್ಲಿ ಸಾವಿರಾರು ಕೈಗಳು ಮೇಲೆದ್ದಿರುತ್ತವೆ, ತಾಳದ ಮೊದಲ ಪೆಟ್ಟಾದ ಸಮ ಬಿದ್ದೊಡನೆ ಒಟ್ಟಿಗೆ ಇಳಿಯುತ್ತವೆ. ಯಾವ ಕೈ ಕನ್ನಡದ್ದು, ಯಾವುದು ಮರಾಠಿಯದು ಎಂದು ಹೇಳಲು ಬಾರದು. ಒಂದೇ ಲಯದಲ್ಲಿ ಕೂಡಿ ಚಲಿಸಿದವರಲ್ಲಿ ಪರಸ್ಪರ ಸಹಕಾರ ಹೆಚ್ಚುವುದನ್ನು ಮನೋವಿಜ್ಞಾನಿಗಳು ಪ್ರಯೋಗಗಳಲ್ಲಿ ಕಂಡಿದ್ದಾರೆ. ಗಾಯಕರ ಮಾತು ಅಷ್ಟು ನೋಯಿಸುವುದೂ ಇದರಿಂದಲೇ ಎಂದು ನನಗೆ ತೋರುತ್ತದೆ. ವರ್ಷಗಟ್ಟಲೆ ನಾವು ಅವರನ್ನು ನಮ್ಮವರೆಂದು ಎಣಿಸಿರುತ್ತೇವೆ.

ಹಾಗಾದರೆ ಧ್ವನಿಮುದ್ರಿಕೆ ಅಟ್ಟ ಏರಿದ್ದೇಕೆ? ಮನೋವಿಜ್ಞಾನಿ ಪಾಲ್ ರೋಜಿನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದರ ಸುಳಿವಿದೆ. ಕ್ರಿಮಿಶುದ್ಧಿ ಮಾಡಿದ ಸತ್ತ ಜಿರಳೆಯನ್ನು ಹಣ್ಣಿನ ರಸದಲ್ಲಿ ಅದ್ದಿ ತೆಗೆದರೂ ಜನರಿಗೆ ಆ ರಸ ಬೇಡವಾಯಿತು. ತಮಗಾಗದ ವ್ಯಕ್ತಿ ತೊಟ್ಟ ಅಂಗಿಯನ್ನು ಒಗೆದು ಕೊಡುತ್ತೇವೆಂದರೂ ಮನಸ್ಸು ಹಿಂಜರಿಯಿತು. ನಮಗೆ ಇದನ್ನು ವಿವರಿಸಲು ಪ್ರಯೋಗಾಲಯ ಬೇಕಿಲ್ಲ, ಮೈಲಿಗೆ ಎಂಬ ಪದವೇ ಇದೆ. ಮನುಷ್ಯರನ್ನು ಬಾವಿಕಟ್ಟೆಯಿಂದ ದೂರ ನಿಲ್ಲಿಸಿದ ಪದವೂ ಅದೇ. ಆದ್ದರಿಂದ ನನ್ನೊಳಗೆ ಆ ಭಾವ ಎದ್ದಾಗ ಅದರ ಮಾತನ್ನು ನಾನು ಸುಲಭವಾಗಿ ನಂಬುವುದಿಲ್ಲ.

ಆದರೆ ಎಲ್ಲ ನಿರಾಕರಣೆಯೂ ಮೈಲಿಗೆಯಲ್ಲ. 1850ರಲ್ಲಿ ಯಹೂದಿಗಳನ್ನು ಹೀಗಳೆಯುವ ಲೇಖನ ಬರೆದ ಜರ್ಮನ್ ಸಂಗೀತಕಾರ ವಾಗ್ನರ್‌ನ ಸಂಗೀತವನ್ನು ನಾಜಿಗಳು ತಲೆಯ ಮೇಲೆ ಹೊತ್ತು ಮೆರೆಸಿದರು. ಮುಂಬೈಯಲ್ಲಿ ಹುಟ್ಟಿದ ವಾದ್ಯವೃಂದ ನಿರ್ದೇಶಕ ಝುಬಿನ್ ಮೆಹ್ತಾ 1981ರಲ್ಲಿ ಟೆಲ್ ಅವೀವ್‌ನಲ್ಲಿ ಅದನ್ನು ನುಡಿಸಲು ಹೊರಟಾಗ ಸಭೆಯಲ್ಲಿ ತೀವ್ರ ಪ್ರತಿಭಟನೆ ಎದ್ದಿತು. ಆ ಸ್ವರಗಳೊಡನೆ ಸಾವಿನ ನೆನಪು ಹೆಣೆದುಕೊಂಡವರಿಗೆ ಅದು ರಾಗದ್ವೇಷದ ಪ್ರಶ್ನೆಯಲ್ಲ, ಗಾಯ. 2001ರಲ್ಲಿ ಜೆರುಸಲೇಮಿನಲ್ಲಿ ಮತ್ತೊಬ್ಬ ನಿರ್ದೇಶಕ ಡೇನಿಯಲ್ ಬಾರೆನ್‌ಬಾಯ್ಮ್ ಕಛೇರಿ ಮುಗಿದ ಮೇಲೆ ವಾಗ್ನರ್‌ನ ಸಂಗೀತ ನುಡಿಸಲೇ ಎಂದು ಸಭಿಕರನ್ನು ಕೇಳಿದರು, ಅರ್ಧ ಗಂಟೆ ವಾದ ನಡೆಯಿತು, ಬೇಡವೆನಿಸಿದವರು ಎದ್ದು ಹೋದರು, ಉಳಿದವರಿಗಾಗಿ ಅವರು ನುಡಿಸಿದರು. ಎದ್ದು ಹೋಗುವವರಿಗೆ ದಾರಿ ಬಿಟ್ಟ ಆ ನಡೆ ನನಗೆ ಬಹಳ ಹಿಡಿಸುತ್ತದೆ.

ದ್ವೇಷವನ್ನೇ ಸಾಹಿತ್ಯವಾಗಿಸಿದ ಹಾಡಾದರೆ ನಾನೂ ಎದ್ದು ಹೋಗುತ್ತೇನೆ. ತೋಡಿ ಯಾವ ಗಡಿಯ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ಬೆಳಗಾವಿಯ ವಿಷಯದಲ್ಲಿ ಕಾಕುವಿನ ಅಭಿಪ್ರಾಯವೂ ಆ ಗಾಯಕರದ್ದೇ. ಇಪ್ಪತ್ತು ವರ್ಷಗಳಿಂದ ಅವರೊಡನೆ ವಾದಿಸುತ್ತಲೇ ಅವರು ಕೊಟ್ಟ ಪುರಣಪೋಳಿ ತಿಂದಿದ್ದೇನೆ. ಈ ಡಿಸೆಂಬರಿನಲ್ಲಿ ಆ ಗಾಯಕರ ಕಛೇರಿಯಿದೆ, ಇಬ್ಬರಿಗೂ ಟಿಕೆಟ್ ತಂದಿದ್ದೇನೆ. ಗಾಯಕರಿಗೆ ಒಂದು ಪತ್ರವನ್ನೂ ಬರೆಯುತ್ತಿದ್ದೇನೆ, ಅವರ ಮಾತು ಎಲ್ಲಿ ತಪ್ಪೆಂದು ವಿವರವಾಗಿ, ಮರಾಠಿಯಲ್ಲಿ. ವ್ಯಾಕರಣದ ತಪ್ಪುಗಳನ್ನು ಕಾಕು ತಿದ್ದಿಕೊಡುತ್ತಿದ್ದಾರೆ.