ಮೊದಲು ನಕಲು, ಆಮೇಲೆ ಸ್ಕ್ರೂಡ್ರೈವರ್

ಸಾಗರದಿಂದ ಅಕ್ಕ ಫೋನ್ ಮಾಡಿದ್ದಳು. "ಲ್ಯಾಪ್‌ಟಾಪ್ ಆನ್ ಮಾಡಿ, ಹಾಲು ಕಾಯಿಸಿ, ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದರೂ ಅದಿನ್ನೂ ತಿರುಗ್ತಾನೇ ಇರುತ್ತೆ ಕಣೋ. ಎರಡು ದಿನದಿಂದ ಒಳಗೆ ಆಗಾಗ ಟಿಕ್ ಟಿಕ್ ಅಂತಿದೆ. ಹೊಸದೇ ತಗೊಂಡುಬಿಡ್ಲಾ?"

2012ರಲ್ಲಿ ಕೊಂಡ ಲ್ಯಾಪ್‌ಟಾಪ್ ಅದು. ಅವಳ ಟ್ಯೂಷನ್ ಮಕ್ಕಳ ಪ್ರಶ್ನೆಪತ್ರಿಕೆಗಳು, ಮನೆಯವರೆಲ್ಲರ ಹತ್ತು ವರ್ಷದ ಫೋಟೋಗಳು ಅದರಲ್ಲೇ ಇವೆ. ಬೇರೆಲ್ಲೂ ಇಲ್ಲ. ಹೊಸದು ಬೇಡ ಅಂದೆ. ಈಗಲೇ ಆಫ್ ಮಾಡು, ನಾನು ಬರೋವರೆಗೂ ಮುಟ್ಟಬೇಡ ಅಂದೆ.

ಹಳೇ ಕಂಪ್ಯೂಟರ್ ನಿಧಾನವಾದರೆ ನಾವು ಸಾಮಾನ್ಯವಾಗಿ ಅದಕ್ಕೆ ವಯಸ್ಸಾಯಿತು ಅಂದುಕೊಳ್ಳುತ್ತೇವೆ. ಆದರೆ ಪ್ರೊಸೆಸರ್‌ಗೆ ವಯಸ್ಸಾಗಿ ಲೆಕ್ಕ ನಿಧಾನವಾಗುವುದಿಲ್ಲ. ಹತ್ತು ವರ್ಷದ ಹಿಂದೆ ಸೆಕೆಂಡಿಗೆ ಎಷ್ಟು ಲೆಕ್ಕ ಮಾಡುತ್ತಿತ್ತೋ ಇವತ್ತೂ ಅಷ್ಟೇ ಮಾಡುತ್ತದೆ. ಅದರ ಹೆಚ್ಚಿನ ಹೊತ್ತು ಕಳೆಯುವುದು ಕಾಯುವುದರಲ್ಲಿ. ಕಾಯಿಸುವುದು ಹಾರ್ಡ್ ಡಿಸ್ಕ್.

ಹಾರ್ಡ್ ಡಿಸ್ಕ್ ಅಂದರೆ ನಿಜಕ್ಕೂ ತಿರುಗುವ ತಟ್ಟೆ. ಲ್ಯಾಪ್‌ಟಾಪಿನ ತಟ್ಟೆ ಸುಮಾರು ಆರೂವರೆ ಸೆಂಟಿಮೀಟರ್ ಅಗಲ. ಮೇಲೆ ಕಾಂತೀಯ ಲೇಪ. ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90. ತಟ್ಟೆಯ ಅಂಚು ಗಂಟೆಗೆ ಸುಮಾರು 65 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದರ ಮೇಲೆ ಒಂದು ಸಣ್ಣ ತೋಳು, ತೋಳಿನ ತುದಿಯಲ್ಲಿ ಓದುವ, ಬರೆಯುವ ಹೆಡ್. ಹೆಡ್ ತಟ್ಟೆಗೆ ತಾಗುವುದಿಲ್ಲ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಗಾಳಿಯ ಮೇಲೆ ತೇಲುತ್ತದೆ. ನಮ್ಮ ಒಂದು ತಲೆಕೂದಲಿನ ದಪ್ಪ 80,000 ನ್ಯಾನೊಮೀಟರ್ ಆಸುಪಾಸು. ಇಂಥದ್ದೊಂದು ಯಂತ್ರ ವರ್ಷಗಟ್ಟಲೆ ಕೆಟ್ಟುಹೋಗದೆ ನಡೆಯುತ್ತದಲ್ಲ, ಅದು ನನಗೆ ಇವತ್ತಿಗೂ ದೊಡ್ಡ ಸೋಜಿಗ.

1956ರಲ್ಲಿ ಐಬಿಎಂ ತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ಅಷ್ಟೂ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತಿನ ಫೋನಿನ ಒಂದೆರಡು ಫೋಟೋಗೆ ಸಾಕಾಗುವಷ್ಟು ಜಾಗ, ಅಷ್ಟೇ. ಆಮೇಲೆ ತಟ್ಟೆ ಸಣ್ಣದಾಯಿತು, ಜಾಗ ಲಕ್ಷಪಟ್ಟು ಹೆಚ್ಚಿತು. ಒಂದು ಮಾತ್ರ ಬದಲಾಗಲಿಲ್ಲ. ಬೇಕಾದ ಮಾಹಿತಿ ಸಿಗಬೇಕಾದರೆ ತೋಳು ಅಲ್ಲಿಗೆ ಹೋಗಬೇಕು, ತಟ್ಟೆ ತಿರುಗಿ ಆ ಜಾಗ ತೋಳಿನ ಕೆಳಗೆ ಬರಬೇಕು.

ಇದಕ್ಕೆ ಎಷ್ಟು ಹೊತ್ತು ಬೇಕು ನೋಡಿ. ತೋಳು ಸರಿಯಲು ಸುಮಾರು 12 ಮಿಲಿಸೆಕೆಂಡ್. ಸರಾಸರಿ ಅರ್ಧ ಸುತ್ತು ಕಾಯಲು ಐದೂವರೆ. ಒಟ್ಟು ಹದಿನೇಳು, ಹದಿನೆಂಟು. ಹಾಗಾಗಿ ಅಲ್ಲಲ್ಲಿ ಚದುರಿರುವ ಸಣ್ಣ ತುಂಡುಗಳನ್ನು ಓದುವಾಗ ಸೆಕೆಂಡಿಗೆ 60 ದಾಟುವುದೇ ಕಷ್ಟ. ಕಂಪ್ಯೂಟರ್ ಶುರುವಾಗುವಾಗ ಬೇಕಾಗುವುದು ಇಂಥ ಸಾವಿರಾರು ತುಂಡು. ಒಂದು ಲೆಕ್ಕಕ್ಕೆ 6,000 ಅಂತ ಇಟ್ಟುಕೊಳ್ಳೋಣ. ಅಷ್ಟಕ್ಕೇ 100 ಸೆಕೆಂಡ್ ಆಯಿತು. ತಿರುಗುವ ತಟ್ಟೆಯಿಲ್ಲದೆ ಚಿಪ್ಪಿನಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ಒಂದು ತುಂಡಿಗೆ ಬೇಕಾಗುವುದು 0.1 ಮಿಲಿಸೆಕೆಂಡ್ ಆಸುಪಾಸು. ಅದೇ 6,000 ತುಂಡು ಒಂದು ಸೆಕೆಂಡಿನೊಳಗೆ ಮುಗಿಯಿತು. ಅಂಗಡಿಯಲ್ಲಿ ಸೆಕೆಂಡಿಗೆ ಇಷ್ಟು ನೂರು ಎಂಬಿ ಅಂತ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದಕ್ಕಿಂತ ಈ ಕಾಯುವಿಕೆ ತಪ್ಪಿದ್ದೇ ನಮ್ಮ ಅನುಭವಕ್ಕೆ ಬರುವ ನಿಜವಾದ ಲಾಭ.

ಅಕ್ಕನ ಡಿಸ್ಕಿಗೆ ಇನ್ನೊಂದು ಪೆಟ್ಟೂ ಬಿದ್ದಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಯಾವತ್ತೋ ಸತ್ತಿದೆ. ಮಳೆಗಾಲದಲ್ಲಿ ಸಾಗರದ ಕಡೆ ಕರೆಂಟ್ ಹೋಗಿ ಬರುವುದು ಗೊತ್ತಿದ್ದದ್ದೇ. ಇನ್ವರ್ಟರ್‌ನ ಲೈನ್ ಆ ಕೋಣೆಗಿರಲಿಲ್ಲ. ಕರೆಂಟ್ ಹೋದಾಗಲೆಲ್ಲ ಲ್ಯಾಪ್‌ಟಾಪ್ ಒಮ್ಮೆಲೇ ಆಫ್. ಆ ಕ್ಷಣದಲ್ಲಿ ಡಿಸ್ಕ್ ಒಂದು ಉಪಾಯ ಮಾಡುತ್ತದೆ. ತಟ್ಟೆ ಇನ್ನೂ ಜೋರಾಗಿ ತಿರುಗುತ್ತಿರುತ್ತದಲ್ಲ, ಅದರ ಮೋಟರನ್ನೇ ಪುಟ್ಟ ಜನರೇಟರ್ ಮಾಡಿಕೊಂಡು, ಹುಟ್ಟಿದ ಕರೆಂಟಿನಲ್ಲಿ ತೋಳನ್ನು ಪಕ್ಕಕ್ಕೆ ಎಳೆದು ನಿಲ್ಲಿಸುತ್ತದೆ. ಜಾಣ ಏರ್ಪಾಡು. ಆದರೆ ಅದು ಆಪತ್ತಿನ ಕೆಲಸ. ಸರಿಯಾಗಿ ಶಟ್‌ಡೌನ್ ಮಾಡಿದಾಗಿನಷ್ಟು ಮೆತ್ತಗೆ ಆಗುವುದಿಲ್ಲ. ದಿನಕ್ಕೆ ನಾಲ್ಕು ಸಲ, ಅದೂ ವರ್ಷಗಟ್ಟಲೆ ಆದರೆ ಸವೆತ ಸೇರುತ್ತಾ ಹೋಗುತ್ತದೆ.

ಟಿಕ್ ಟಿಕ್ ಅನ್ನುವುದು ತೋಳಿನದೇ ಸದ್ದು. ತಟ್ಟೆಯ ಮೇಲಿನ ದಾರಿ ಗುರುತು ಸಿಗದೆ ಅದು ವಾಪಸ್ ಹೋಗಿ, ಮತ್ತೆ ಬಂದು ಹುಡುಕುತ್ತದೆ. ಈ ಸದ್ದು ಬಿಡದೆ ಬರುತ್ತಿದ್ದು, ಕಂಪ್ಯೂಟರಿಗೆ ಡಿಸ್ಕೇ ಕಾಣಿಸದಿದ್ದರೆ ಮನೆಯಲ್ಲಿ ಏನೂ ಮಾಡಬಾರದು. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತೆ ಅಂತ ಹೇಳುವವರಿದ್ದಾರೆ, ಖಂಡಿತ ಬೇಡ. ಹೊರಗೆ ತೆಗೆದಾಗ ಒಳಗೆ ನೀರಿನ ಪಸೆ ಕಟ್ಟುತ್ತದೆ. ಬಿಚ್ಚಿ ನೋಡುವುದೂ ಬೇಡ. ಆ ಕೆಲವು ನ್ಯಾನೊಮೀಟರ್ ಸಂದಿಗೆ ಒಂದು ಧೂಳಿನ ಕಣವೇ ಬಂಡೆ.

ನಮ್ಮದು ಅಷ್ಟು ದೂರ ಹೋಗಿರಲಿಲ್ಲ. ಡಿಸ್ಕ್ ತನ್ನ ಆರೋಗ್ಯದ ದಿನಚರಿ ತಾನೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಅಂತ ಹೆಸರು. ಓದಿ ತೋರಿಸುವ ಪುಕ್ಕಟೆ ತಂತ್ರಾಂಶಗಳಿವೆ. ನೂರೆಂಟು ಅಂಕಿ ಬರುತ್ತವೆ, ಮುಖ್ಯವಾಗಿ ನೋಡಬೇಕಾದದ್ದು ಎರಡು. 5ನೇ ನಂಬರಿನದು, ಕೆಟ್ಟ ಜಾಗ ಬಿಟ್ಟು ಬೇರೆ ಜಾಗಕ್ಕೆ ಎಷ್ಟು ತುಂಡು ಸಾಗಿಸಿದೆ ಅನ್ನುವುದು. 197ನೇದು, ಎಷ್ಟು ತುಂಡು ಓದಲಾಗದೆ ಬಾಕಿ ಉಳಿದಿವೆ ಅನ್ನುವುದು. ಎರಡೂ ಸೊನ್ನೆ ಇರಬೇಕು. ಅಕ್ಕನ ಡಿಸ್ಕಿನಲ್ಲಿ 197ರ ಎದುರು 312 ಇತ್ತು.

ಅಲ್ಲಿ ಒಂದು ರಿಪೇರಿ ಅಂಗಡಿಯವರು ಅದಕ್ಕೂ ಮೊದಲು ಹೇಳಿದ್ದರಂತೆ, "ಚೆಕ್‌ಡಿಸ್ಕ್ ಓಡಿಸಿ, ಇಲ್ಲಾಂದ್ರೆ ಫಾರ್ಮ್ಯಾಟ್ ಮಾಡಿ ಸರಿ ಮಾಡೋಣ" ಅಂತ. ಇದು ಬಹಳ ಕಡೆ ಆಗುವ ತಪ್ಪು. ಕೆಡುತ್ತಿರುವ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್‌ನಂಥ ರಿಪೇರಿ ತಂತ್ರಾಂಶ ಓಡಿಸಿದರೆ ಅದು ಗಂಟೆಗಟ್ಟಲೆ ಓದುತ್ತದೆ, ಮೇಲೆ ಬರೆಯುತ್ತದೆ. ಆ ಡಿಸ್ಕಿಗೆ ಉಳಿದಿರುವ ಶಕ್ತಿಯಲ್ಲಿ ಮಾಡಿಸಬೇಕಾದ ಕೆಲಸ ಒಂದೇ ಒಂದು, ನಕಲು.

ಸ್ಕ್ರೂ ಬಿಚ್ಚುವುದಕ್ಕೂ ಮೊದಲು ನಕಲು ತೆಗೆದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ 500 ಜಿಬಿ ಎಸ್‌ಎಸ್‌ಡಿ ಮತ್ತು ಅದನ್ನು ಯುಎಸ್‌ಬಿಗೆ ಜೋಡಿಸುವ ಕೇಬಲ್ ಕೊಂಡಿದ್ದೆ. 480 ಜಿಬಿಯದು ಸ್ವಲ್ಪ ಕಮ್ಮಿ ಬೆಲೆಗೆ ಸಿಗುತ್ತದೆ, ಆದರೆ ಅಕ್ಕನ 500 ಜಿಬಿ ಡಿಸ್ಕನ್ನು ಇದ್ದ ಹಾಗೇ ನಕಲು ಮಾಡಲು 480ರಲ್ಲಿ ಜಾಗ ಸಾಲುವುದಿಲ್ಲ. ಲ್ಯಾಪ್‌ಟಾಪನ್ನು ಇನ್ವರ್ಟರ್ ಇರುವ ನಡುಮನೆಗೆ ತಂದೆವು. ಪೆನ್‌ಡ್ರೈವಿನಿಂದ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಶುರು ಮಾಡಿ, ಕೆಡುತ್ತಿರುವ ಡಿಸ್ಕಿನಿಂದ ನಕಲು ತೆಗೆಯುವ ಡಿಡಿರೆಸ್ಕ್ಯೂ ತಂತ್ರಾಂಶ ಓಡಿಸಿದೆ.

ಇದರ ಬುದ್ಧಿ ನನಗೆ ತುಂಬಾ ಇಷ್ಟ. ಮಾಮೂಲಿ ಕಾಪಿ ಒಂದು ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಹಟ ಹಿಡಿದು ಕೂರುತ್ತದೆ. ಇದು ಹಾಗಲ್ಲ. ಸಲೀಸಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ, ತಕರಾರು ಮಾಡುವ ಜಾಗವನ್ನು ಗುರುತು ಹಾಕಿಕೊಂಡು ಮುಂದೆ ಹೋಗುತ್ತದೆ. ಕೊನೆಗೆ ಅಲ್ಲಿಗೆ ಮರಳಿ ಬಂದು ಚೂರು ಚೂರೇ ಬಿಡಿಸಿಕೊಳ್ಳುತ್ತದೆ. ಎಲ್ಲಿಗೆ ಬಂದೆ ಅನ್ನುವ ನಕ್ಷೆಯನ್ನು ಇನ್ನೊಂದು ಪೆನ್‌ಡ್ರೈವಿನಲ್ಲಿ ಬರೆಸಿದ್ದೆ. ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. 512 ಬೈಟಿನ ಲೆಕ್ಕದಲ್ಲಿ 500 ಜಿಬಿ ಡಿಸ್ಕಿನಲ್ಲಿ 97 ಕೋಟಿಗೂ ಜಾಸ್ತಿ ತುಂಡುಗಳಿರುತ್ತವೆ. ಮೊದಲ ಸುತ್ತು ಐದು ಗಂಟೆ ಹಿಡಿಯಿತು. ಉಳಿದ ಚೂರುಗಳಿಗೆ ಇಡೀ ರಾತ್ರಿ. ಬೆಳಗ್ಗೆ ನೋಡಿದರೆ ಕೈಗೆ ಸಿಗದೆ ಹೋದದ್ದು 41 ತುಂಡು.

ಆಮೇಲೆ ಸ್ಕ್ರೂಡ್ರೈವರ್. ಚಾರ್ಜರ್ ತೆಗೆದು, ಬ್ಯಾಟರಿ ತೆಗೆದು, ಕೆಳಗಿನ ಮುಚ್ಚಳ ಬಿಚ್ಚಿ, ಹಳೇ ಡಿಸ್ಕಿನ ಜಾಗಕ್ಕೆ ಹೊಸದನ್ನು ತಳ್ಳಿದೆ. ಹಳೆಯದು ಒಂಬತ್ತೂವರೆ ಮಿಲಿಮೀಟರ್ ದಪ್ಪ, ಹೊಸದು ಏಳು. ಅಲುಗಾಡದಂತೆ ಪ್ಯಾಕಿನಲ್ಲಿದ್ದ ಪ್ಲಾಸ್ಟಿಕ್ ಚೌಕಟ್ಟು ಸೇರಿಸಿದೆ. ಹತ್ತು ನಿಮಿಷದ ಕೆಲಸ.

ಹಾಕುವ ಮೊದಲು ಎಸ್‌ಎಸ್‌ಡಿಯನ್ನು ಕೈಯಲ್ಲಿ ಹಿಡಿದಾಗ ಅಕ್ಕನಿಗೆ ನಂಬಿಕೆ ಬರಲಿಲ್ಲ. "ಇದರೊಳಗೆ ಏನೂ ಇಲ್ಲವೇನೋ, ಇಷ್ಟು ಹಗುರ?" ತಿರುಗುವಂಥದ್ದು ನಿಜಕ್ಕೂ ಏನೂ ಇಲ್ಲ. ಇರುವುದು ಫ್ಲ್ಯಾಶ್ ಚಿಪ್. ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕ 1980ರ ದಶಕದಲ್ಲಿ ಕಂಡುಹಿಡಿದದ್ದು. ಇಡೀ ಒಂದು ಭಾಗ ಕ್ಯಾಮೆರಾ ಫ್ಲ್ಯಾಶ್ ಹೊಡೆದಂತೆ ಒಂದೇ ಸಲಕ್ಕೆ ಅಳಿಸಿಹೋಗುತ್ತದೆ ಅಂತ ಸಹೋದ್ಯೋಗಿಯೊಬ್ಬರು ಆ ಹೆಸರು ಸೂಚಿಸಿದರು. ಚಿಪ್ಪಿನೊಳಗೆ ಲೆಕ್ಕವಿಲ್ಲದಷ್ಟು ಪುಟ್ಟ ಕೋಶಗಳಿವೆ. ಪ್ರತಿ ಕೋಶದಲ್ಲೂ ಇಲೆಕ್ಟ್ರಾನುಗಳನ್ನು ಕೂಡಿಹಾಕುವ ಜಾಗ, ಅವು ತಪ್ಪಿಸಿಕೊಳ್ಳದಂತೆ ಸುತ್ತ ಗಾಜಿನಂಥ ತೆಳು ಗೋಡೆ. ಕೋಶದಲ್ಲಿ ಯಾವ ಅಂಕಿ ಬರೆದಿದೆ ಅನ್ನುವುದು ಎಷ್ಟು ಇಲೆಕ್ಟ್ರಾನ್ ಇವೆ ಅನ್ನುವುದರ ಮೇಲೆ ನಿಂತಿದೆ. ಇವತ್ತಿನ ಸಾಮಾನ್ಯ ಎಸ್‌ಎಸ್‌ಡಿ ಒಂದೇ ಕೋಶದಲ್ಲಿ ಎಂಟು ಹಂತ ಗುರುತಿಸಿ ಮೂರು ಬಿಟ್, ಅಂದರೆ ಸೊನ್ನೆ ಅಥವಾ ಒಂದು ಆಗಿರುವ ಮೂರು ಅಂಕಿ, ಇಡುತ್ತದೆ.

ಬರೆಯುವಾಗ, ಅಳಿಸುವಾಗ ಆ ಗೋಡೆಯನ್ನು ಹಾಯ್ದೇ ಇಲೆಕ್ಟ್ರಾನ್ ಓಡಾಡಬೇಕು. ಪ್ರತಿ ಸಲವೂ ಗೋಡೆ ಒಂದಿಷ್ಟು ಸವೆಯುತ್ತದೆ. ಒಂದೇ ಕಡೆ ಸವೆಯಬಾರದು ಅಂತ ಒಳಗಿನ ಉಸ್ತುವಾರಿ ಚಿಪ್ ಆದ ಕಂಟ್ರೋಲರ್ ಬರಹವನ್ನು ಎಲ್ಲ ಕೋಶಗಳಿಗೂ ಹಂಚುತ್ತಾ ಇರುತ್ತದೆ. ಮನೆ ಬಳಕೆಗೆ ಇದೇನೂ ದೊಡ್ಡ ಚಿಂತೆಯಲ್ಲ. 500 ಜಿಬಿಯ ಕೆಲವು ಮಾದರಿಗಳ ವಾರಂಟಿಯಲ್ಲಿ ಬರೆಯುವ ಮಿತಿ 300 ಟಿಬಿ, ಅಂದರೆ ಮೂರು ಲಕ್ಷ ಜಿಬಿ. ದಿನಕ್ಕೆ 20 ಜಿಬಿ ಬರೆದರೂ ಆ ಮಿತಿ ಮುಟ್ಟಲು 40 ವರ್ಷ ದಾಟುತ್ತದೆ.

ನನಗೆ ಚಿಂತೆ ಬೇರೆಯದು. ಹಾರ್ಡ್ ಡಿಸ್ಕ್ ಹೋಗುವ ಮುಂಚೆ ಎಷ್ಟೋ ಸಲ ಟಿಕ್ ಟಿಕ್ ಅಂತ ಹೇಳಿ ಹೋಗುತ್ತದೆ. ಎಸ್‌ಎಸ್‌ಡಿಗೆ ಸದ್ದೇ ಇಲ್ಲ. ಕಂಟ್ರೋಲರ್ ಕೆಟ್ಟರೆ ನಿನ್ನೆ ಇದ್ದದ್ದು ಇವತ್ತು ಕಾಣುವುದೇ ಇಲ್ಲ. ಬರೆಯುತ್ತಿರುವಾಗ ಕರೆಂಟ್ ಹೋಗುವುದು ಅದಕ್ಕೂ ಒಳ್ಳೆಯದಲ್ಲ. ಹಾಗಾಗಿ ಹೊಸ ಬ್ಯಾಟರಿ ಹಾಕಿಸಿದೆ. ಫೋಟೋಗಳ ಇನ್ನೊಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದು ಅಕ್ಕನ ಕಪಾಟಿನಲ್ಲಿಟ್ಟೆ. ತಿಂಗಳಿಗೊಮ್ಮೆ ಹೊಸದನ್ನು ಸೇರಿಸುವುದನ್ನು ಅವಳ ಮಗಳಿಗೆ ಕಲಿಸಿದೆ.

ಲ್ಯಾಪ್‌ಟಾಪ್ ಈಗ ಅರ್ಧ ನಿಮಿಷದೊಳಗೆ ಏಳುತ್ತದೆ. ಹೋದ 41 ತುಂಡುಗಳಲ್ಲಿ ಹೆಚ್ಚಿನವು ಎಲ್ಲಿದ್ದವೋ ಗೊತ್ತೇ ಆಗಲಿಲ್ಲ. ಒಂದು ಮಾತ್ರ ಕಣ್ಣಿಗೆ ಬಿತ್ತು. ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತ ಅಜ್ಜಿಯ ಫೋಟೋ. ಮುಖ ಇದೆ, ಹೆಗಲಿನ ಸೆರಗಿದೆ, ಅಲ್ಲಿಂದ ಕೆಳಗೆ ಪೂರ್ತಿ ಬೂದು ಬಣ್ಣ. ಅಕ್ಕ ಅದನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ಭಾವ ಅಟ್ಟದಿಂದ ತಮ್ಮ ಹಳೇ ಫೋನ್ ಇಳಿಸಿ, ಚಾರ್ಜಿಗೆ ಹಾಕಿ ಹುಡುಕಿದರು. ಯಾವತ್ತೋ ಯಾರೋ ಕಳಿಸಿದ್ದ ಅದೇ ಫೋಟೋ ಅದರಲ್ಲಿತ್ತು. ಸಣ್ಣ ಗಾತ್ರದ್ದು, ಸ್ವಲ್ಪ ಮಸುಕು. ಆದರೆ ಅಜ್ಜಿಯ ಕೈಗಳು, ಸುಲಿದ ಅಡಿಕೆ ಎಲ್ಲ ಅದರಲ್ಲಿ ಕಾಣುತ್ತಿದ್ದವು.