ಹಾರ್ಡ್ ಡಿಸ್ಕಿನ ಆ ಸಣ್ಣ ತೂತು ಮುಚ್ಚಬಹುದಾ?

"ಹಾರ್ಡ್ ಡಿಸ್ಕ್ ಮೇಲೆ ಒಂದು ಸಣ್ಣ ತೂತು ಇದೆ. ಅದರಿಂದ ಒಳಗೆ ಧೂಳು ಹೋಗಲ್ವಾ? ಟೇಪ್ ಹಚ್ಚಿ ಮುಚ್ಚಲಾ?"

ದಯವಿಟ್ಟು ಮುಚ್ಚಬೇಡಿ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಮುಚ್ಚಬಾರದು ಅಂತ ಎಷ್ಟೋ ಡಿಸ್ಕುಗಳಲ್ಲಿ ತೂತಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಆದರೂ ಕೈ ಟೇಪಿನ ಕಡೆಗೇ ಹೋಗುತ್ತದೆ. ಹಾರ್ಡ್ ಡಿಸ್ಕ್ ಒಳಗೆ ನಿರ್ವಾತ ಇರುತ್ತದೆ ಅನ್ನುವ ನಂಬಿಕೆ ಅಷ್ಟು ಗಟ್ಟಿಯಾಗಿ ಕೂತುಬಿಟ್ಟಿದೆ. ಕಂಪ್ಯೂಟರ್ ಕಲಿಸುವವರ ಬಾಯಲ್ಲೂ ಇದನ್ನು ಕೇಳಿದ್ದೇನೆ.

ಇಲ್ಲ, ನಿರ್ವಾತ ಇಲ್ಲ. ಇದ್ದರೆ ಡಿಸ್ಕ್ ಕೆಲಸವನ್ನೇ ಮಾಡುವುದಿಲ್ಲ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕಿನಲ್ಲಿ ಕನ್ನಡಿಯಂಥ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಅಂಚಿನ ಹತ್ತಿರ ವೇಗ ಗಂಟೆಗೆ ಸುಮಾರು 125 ಕಿ.ಮೀ. ತಟ್ಟೆಯ ಜತೆ ಅದಕ್ಕೆ ತಾಗಿದ ಗಾಳಿಯೂ ಓಡುತ್ತದೆ. ತಟ್ಟೆಯಲ್ಲಿರುವ ಡೇಟಾ ಓದುವ ಹೆಡ್ ಇರುವುದು ಸಾಸಿವೆ ಕಾಳಿಗಿಂತ ಸಣ್ಣ, ಸ್ಲೈಡರ್ ಅನ್ನುವ ತುಣುಕಿನ ಮೇಲೆ. ತೆಳು ಸ್ಟೀಲ್ ಪಟ್ಟಿಯೊಂದು ಅದನ್ನು ತಟ್ಟೆಯ ಕಡೆಗೆ ಒತ್ತುತ್ತಿರುತ್ತದೆ. ನಡುವೆ ನುಗ್ಗುವ ಗಾಳಿ ಅದನ್ನು ದೂರ ತಳ್ಳುತ್ತದೆ. ಈ ಜಗ್ಗಾಟದಲ್ಲೇ ಹೆಡ್ ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪವೇ 70,000 ನ್ಯಾನೋಮೀಟರ್ ಆಸುಪಾಸು! ಗಾಳಿ ತೆಗೆದರೆ ಹೆಡ್ ತಟ್ಟೆಗೆ ತಾಗಿ ಗೀರುತ್ತದೆ. ಡೇಟಾ ಹೋದಂತೆಯೇ.

1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕ್ ಯಂತ್ರ, ರಾಮ್ಯಾಕ್‌ನಲ್ಲಿ, ಹೆಡ್ ತೇಲಿಸಲು ಕಂಪ್ರೆಸರ್ ಇಟ್ಟು ಗಾಳಿ ಊದುತ್ತಿದ್ದರು. ಆಮೇಲೆ 1960ರ ದಶಕದಲ್ಲಿ, ತಟ್ಟೆ ತಾನೇ ಎಬ್ಬಿಸುವ ಗಾಳಿಯಲ್ಲಿ ಹೆಡ್ ಹಾರುವಂತೆ ಮಾಡಿದರು. ನನಗಂತೂ ಇದು ಎಂಜಿನಿಯರಿಂಗ್‌ನ ಅಚ್ಚುಕಟ್ಟು ಕೆಲಸಗಳಲ್ಲಿ ಒಂದು.

ಈಗ ತೂತಿಗೆ ಬರೋಣ. ಕೆಟ್ಟುಹೋದ ಡಿಸ್ಕ್ ಒಂದನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ತೂತಿನ ಹಿಂದೆಯೇ ಬಟನ್ ಗಾತ್ರದ ಬಿಳಿ ಫಿಲ್ಟರ್ ಇದೆ. ಗಾಳಿ ಬರುತ್ತದೆ, ಧೂಳು ಬರುವುದಿಲ್ಲ. ಮೂಲೆಯಲ್ಲಿ ದಿಂಬಿನಂಥ ಇನ್ನೊಂದು ಫಿಲ್ಟರ್. ಒಳಗೇ ಉದುರಿದ ಕಣಗಳನ್ನು ಅದು ಹಿಡಿಯುತ್ತದೆ. ಡಿಸ್ಕ್ ಬಿಸಿಯಾದಾಗ, ತಣ್ಣಗಾದಾಗ ಒಳಗಿನ, ಹೊರಗಿನ ಒತ್ತಡ ಸಮ ಮಾಡುವುದೇ ಈ ತೂತಿನ ಕೆಲಸ.

ಎತ್ತರದ ಜಾಗದಲ್ಲಿ ಗಾಳಿ ತೆಳು. ಹಾಗಾಗಿ ಇಂಥ ಡಿಸ್ಕುಗಳಿಗೆ ಸಾಮಾನ್ಯವಾಗಿ ಸುಮಾರು 3,000 ಮೀಟರ್ ಮಿತಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಅಲ್ಲಿ ಯೋಚನೆ ಬೇಡ. ಲೇಹ್ ಸುಮಾರು 3,500 ಮೀಟರ್. ಲಡಾಖ್ ಪ್ರವಾಸದ ಫೋಟೋ ತುಂಬಿಸಿಕೊಳ್ಳಲು, ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಯೇ ವಾಸಿ.

ಹಾಗಾದರೆ ತೂತೇ ಇಲ್ಲದ ಡಿಸ್ಕುಗಳೂ ಇವೆಯಲ್ಲ? ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಅವುಗಳಲ್ಲೂ ನಿರ್ವಾತ ಇಲ್ಲ, ಹೀಲಿಯಂ ಇದೆ. 2013ರಲ್ಲಿ ಎಚ್‌ಜಿಎಸ್‌ಟಿ ಕಂಪನಿ ತಂದ 6 ಟಿಬಿ ಡಿಸ್ಕಿನಲ್ಲಿ 7 ತಟ್ಟೆ ಕೂರಿಸಿದ್ದರು. ಹೀಲಿಯಂ ಸಾಂದ್ರತೆ ಗಾಳಿಯ ಏಳನೇ ಒಂದು ಭಾಗ. ಸುಳಿ ಕಡಿಮೆ, ತಟ್ಟೆಗಳ ಅದುರಾಟ ಕಡಿಮೆ, ಕರೆಂಟೂ ಕಡಿಮೆ. ಕಷ್ಟ ಅಂದರೆ ಅದನ್ನು ಹಿಡಿದಿಡುವುದು. ರಬ್ಬರ್ ಸೀಲಿನಲ್ಲೂ ನುಸುಳಿಬಿಡುತ್ತದೆ. ಅದಕ್ಕೇ ಮುಚ್ಚಳವನ್ನು ಲೇಸರ್‌ನಿಂದ ಬೆಸುಗೆ ಹಾಕುತ್ತಾರೆ. ನಿಮ್ಮ ಹತ್ತಿರ ವೆಸ್ಟರ್ನ್ ಡಿಜಿಟಲ್‌ನ ಹೀಲಿಯಂ ಡಿಸ್ಕ್ ಇದ್ದರೆ ಸ್ಮಾರ್ಟ್ ಪಟ್ಟಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ವರದಿ) 22ನೇ ಸಂಖ್ಯೆಯ ಸಾಲು ನೋಡಿ. ಅಲ್ಲಿ 100 ಅಂತ ಇದ್ದರೆ ಹೀಲಿಯಂ ಎಲ್ಲೂ ಹೋಗಿಲ್ಲ.